ಊದಿಕೊಂಡ ಚೆಂಡು: ಎಲ್‌ಎಲ್‌ವಿಎಂ, ಕ್ಯೂಬಿಇ, ಸಿ

ಹೊಸ ಪ್ರೋಗ್ರಾಮಿಂಗ್ ಭಾಷೆಯನ್ನು ಚಿಪ್ಪಿಗೆ ಅರ್ಥವಾಗುವ ಕೋಡಾಗಿ ಮಾಡಲು ಮೂರು ದಾರಿ ನೋಡಿದೆ: ಎಲ್‌ಎಲ್‌ವಿಎಂ, ಕ್ಯೂಬಿಇ ಅನ್ನುವ ಎರಡು ಸಿದ್ಧ ಸಾಫ್ಟ್‌ವೇರ್, ಇಲ್ಲವೇ ಸಿ ಭಾಷೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಕ್ಯೂಬಿಇಗೆ. ಒಂದು ವಾರ ತಲೆ ಕೆಡಿಸಿಕೊಂಡ ಮೇಲೆ ಸಿಕ್ಕಿದ್ದು, ಹಾಗಾಗಿ ಪ್ರೀತಿ ಸ್ವಲ್ಪ ಜಾಸ್ತಿ.

ಒಂದು ಪುಟ್ಟ ಪ್ರೋಗ್ರಾಮಿಂಗ್ ಭಾಷೆ ಕಟ್ಟುತ್ತಿದ್ದೇನೆ. ಅದು ಎರಡು ಕಡೆ ಓಡಬೇಕು: ಹುಬ್ಬಳ್ಳಿಯಲ್ಲಿ ನನ್ನ ಹಳೆಯ ಇಂಟೆಲ್ ಲ್ಯಾಪ್‌ಟಾಪ್, ಧಾರವಾಡದಲ್ಲಿ ಗೆಳೆಯನ ರಾಸ್ಪ್‌ಬೆರಿ ಪೈ 4. ಎರಡು ಚಿಪ್, ಎರಡು ಅಸೆಂಬ್ಲಿ (ಆಯಾ ಚಿಪ್ಪಿನದೇ ಭಾಷೆ). ಅಷ್ಟೆಲ್ಲ ಯಾರು ಬರೀತಾರೆ? ನನ್ನ ಕಂಪೈಲರ್, ಅಂದರೆ ಅನುವಾದ ಮಾಡುವ ಪ್ರೋಗ್ರಾಂ, ಐಆರ್ ಅನ್ನುವ ನಡುವಿನ ಭಾಷೆಯಲ್ಲಿ ಬರೆದುಕೊಟ್ಟರೆ ಆಯಿತು, ಮುಂದಿನದನ್ನು ಎಲ್‌ಎಲ್‌ವಿಎಂ ನೋಡಿಕೊಳ್ಳುತ್ತದೆ ಅಂದುಕೊಂಡೆ.

ಪರೀಕ್ಷೆಗೆ ಒಂದು ಚೆಂಡು ಕುಣಿಸಿದೆ. ಅದರ ಚಿತ್ರ ಬಿಡಿಸುವ ಫಂಕ್ಷನ್ ಸಿಯಲ್ಲಿದೆ. ಅದಕ್ಕೆ ಎಕ್ಸ್, ವೈ ಎರಡು ಫ್ಲೋಟ್ (ದಶಮಾಂಶ ಸಂಖ್ಯೆ) ಇರುವ ಒಂದು ಸ್ಟ್ರಕ್ಟ್, ಅಂದರೆ ಒಂದು ಕಟ್ಟು, ಮತ್ತು ತ್ರಿಜ್ಯ ಕೊಡಬೇಕು. ನನ್ನ ಲ್ಯಾಪ್‌ಟಾಪಿನಲ್ಲಿ ಚೆಂಡು ಪರದೆಯ ಮೇಲಂಚಿಗೆ ಅಂಟಿಕೊಂಡಿತು. ಕೆಳಗೆ ಬರಬೇಕಾದಾಗ ಬರಲಿಲ್ಲ, ಬಡಿದ ರೊಟ್ಟಿಯ ಹಾಗೆ ಅಗಲವಾಗುತ್ತಾ ಹೋಯಿತು. ಗೆಳೆಯನಿಗೆ ಫೋನ್ ಮಾಡಿದರೆ, 'ನಂದು ಬರೋಬರಿ ಐತಲೇ, ನೀನ ಏನರ ತಪ್ಪ ಬರದಿರ್ತಿ' ಅಂದ.

ಐಆರ್ ಒಂದೇ, ಒಂದಕ್ಷರ ಬದಲಿಲ್ಲ! ವಾರ ಕಳೆದ ಮೇಲೆ ಗೊತ್ತಾಯಿತು. ನನ್ನ ಇಂಟೆಲ್ ಚಿಪ್ಪಿಗಿರುವ ಲಿನಕ್ಸ್‌ನ ಎಕ್ಸ್86-64 ನಿಯಮದಲ್ಲಿ ಆ ಎರಡೂ ಫ್ಲೋಟ್ ಒಂದೇ ರಿಜಿಸ್ಟರಿನಲ್ಲಿ (ಚಿಪ್ಪಿನೊಳಗಿನ ಪುಟ್ಟ ಖಾನೆ) ಜೋಡಿಯಾಗಿ ಹೋಗಬೇಕು. ಗೆಳೆಯನ ಪೈನ ಆರ್ಮ್64ನಲ್ಲಿ ಎರಡು ರಿಜಿಸ್ಟರ್. ಎಲ್‌ಎಲ್‌ವಿಎಂ ನನ್ನ ಸ್ಟ್ರಕ್ಟನ್ನು ಎರಡೂ ಕಡೆ ಬಿಡಿಬಿಡಿಯಾಗಿ ಕಳಿಸಿತ್ತು. ಹೀಗಾಗಿ ಲ್ಯಾಪ್‌ಟಾಪಿನಲ್ಲಿ ವೈ ಹೋಗಿ ತ್ರಿಜ್ಯದ ಜಾಗದಲ್ಲಿ ಕೂತಿತ್ತು, ವೈಗೆ ಸೊನ್ನೆ, ಅಂದರೆ ಪರದೆಯ ಮೇಲಂಚು, ಸಿಕ್ಕಿತ್ತು. ತಪ್ಪು ಅದರದ್ದಲ್ಲ. ಈ ಹೊಂದಾಣಿಕೆ ಭಾಷೆ ಬರೆಯುವವನ ಕೆಲಸ ಅಂತ ಎಲ್‌ಎಲ್‌ವಿಎಂನ ಲೆಕ್ಕ. ಎಲ್‌ಎಲ್‌ವಿಎಂನದೇ ಸಿ ಕಂಪೈಲರ್ ಕ್ಲ್ಯಾಂಗ್ ಕೂಡ ಚಿಪ್ ನೋಡಿ ಬೇರೆ ಬೇರೆ ಐಆರ್ ಬರೆಯುತ್ತದೆ. ಹಾಗಾದರೆ ನಡುವಿನ ಭಾಷೆ ಇದ್ದೂ ಚಿಪ್‌ಗೊಂದು ಲೆಕ್ಕ ನಾನೇ ಇಡಬೇಕು, ಅಲ್ವಾ?

ಕ್ಯೂಬಿಇಯಲ್ಲಿ ಸ್ಟ್ರಕ್ಟಿನ ಆಕಾರ ಒಮ್ಮೆ ಹೇಳಿ ಕರೆದರೆ ಸಾಕು, ರಿಜಿಸ್ಟರಿನ ಚಿಂತೆ ಅದರದ್ದು. ಅರ್ಧ ದಿನದಲ್ಲಿ ಎರಡೂ ಊರಲ್ಲಿ ಚೆಂಡು ಸರಿಯಾಗಿ ಕುಣಿಯಿತು. ದೊಡ್ಡ ಕಂಪೈಲರ್‌ಗಳ ಹತ್ತರಲ್ಲೊಂದು ಪಾಲು ಕೋಡ್, ನೂರಕ್ಕೆ 70ರಷ್ಟು ವೇಗ ಅನ್ನುವುದು ಅದರ ಗುರಿ. ನನಗೆ ಅಷ್ಟು ಸಾಕು. ಇನ್ನೊಂದು, ಎಲ್‌ಎಲ್‌ವಿಎಂ ಸೋರ್ಸಿನಿಂದ ಕಟ್ಟಲು ಹೋದಾಗ ತುಂಡುಗಳನ್ನು ಜೋಡಿಸುವ ಲಿಂಕ್ ಹಂತದಲ್ಲಿ 8 ಜಿಬಿ ರ‍್ಯಾಮ್ ಸಾಲಲಿಲ್ಲ. ರ‍್ಯಾಮ್ ಹಾಕಿಸುವ ದುಡ್ಡೂ ಇಲ್ಲ.

ದೊಡ್ಡ ಲೆಕ್ಕದ ಲೂಪುಗಳಿದ್ದರೆ ಎಲ್‌ಎಲ್‌ವಿಎಂ ಬಿಡಬೇಡಿ.

ಸಿ ಕೋಡನ್ನೇ ಬರೆದುಕೊಡುವುದು ಮೂರನೇ ದಾರಿ. ಎಲ್ಲಾ ಕಡೆ ಓಡುತ್ತದೆ, ನನಗೆ ರುಚಿಸಲಿಲ್ಲ.

ಈಗ ಗೆಳೆಯ ಇಎಸ್‌ಪಿ32-ಸಿ3 ಬೋರ್ಡ್ ತಂದಿದ್ದಾನೆ. ಅದರದ್ದು 32 ಬಿಟ್‌ನ ರಿಸ್ಕ್-ವಿ ಚಿಪ್, ಕ್ಯೂಬಿಇಗೆ ಗೊತ್ತಿರುವುದು 64 ಬಿಟ್ ಮಾತ್ರ. ಸಿ ದಾರಿ ಹಿಡಿಯೋ ಅಂದಿದ್ದೇನೆ. ಬೋರ್ಡ್ ಅವನದು, ಬರೆಯುವ ಕೆಲಸವೂ ಅವನದೇ.