ಝಡ್/28 ಎಂದು ಬರೆದಿದ್ದರೆ ಸಾಲದು: ಹಳೆಯ ಕ್ಯಾಮಾರೊ ಕೊಳ್ಳುವವರಿಗೆ ಒಂದು ಎಚ್ಚರಿಕೆ

ಹಳೆಯ ಅಮೆರಿಕನ್ ಮಸಲ್ ಕಾರು, ಎಂದರೆ ಭಾರಿ ಎಂಜಿನ್ನಿನ ಬಿರುಸಿನ ಕಾರು, ಕೊಳ್ಳಲು ಹೊರಟವರು, ಅದರಲ್ಲೂ 1969ರ ಷೆವರ್ಲೆ ಕ್ಯಾಮಾರೊ ಝಡ್/28 ಹುಡುಕುತ್ತಿರುವವರು, ದಯವಿಟ್ಟು ಇದನ್ನು ಪೂರ್ತಿ ಓದಿದ ಮೇಲೆಯೇ ಮುಂಗಡ ಕೊಡಿ. ನನ್ನ ಅಣ್ಣ 78,000 ಡಾಲರ್ ಕೊಟ್ಟು ಕೊಂಡ ಕಾರು ಝಡ್/28 ಅಲ್ಲವೇ ಅಲ್ಲ. ಸಾಧಾರಣ ಕ್ಯಾಮಾರೊ ಒಂದಕ್ಕೆ, ಪಂದ್ಯಕ್ಕೆಂದೇ ಕಟ್ಟಿದ ದುಬಾರಿ ಮಾದರಿಯಾದ ಝಡ್/28ರ ವೇಷ ತೊಡಿಸಿ ಮಾರಿದ್ದಾರೆ. ವೇಷ ಕಟ್ಟಿದವರು ಯಾರೆಂದು ಇಂದಿಗೂ ಗೊತ್ತಾಗಿಲ್ಲ. ಮಾರಿದವರು ಯಾರೆಂದು ಗೊತ್ತು, ಆದರೆ ಅವರು ಕೈ ತೊಳೆದುಕೊಂಡು ಕುಳಿತಿದ್ದಾರೆ.

ಡೆಟ್ರಾಯಿಟ್ ಸುತ್ತಮುತ್ತ, ಟ್ರಾಯ್, ನೋವೈ, ಫಾರ್ಮಿಂಗ್ಟನ್ ಹಿಲ್ಸ್ ಕಡೆ ವಾಹನೋದ್ಯಮದಲ್ಲಿ ಕೆಲಸ ಮಾಡುವ ಕನ್ನಡಿಗರು ಬಹಳ ಮಂದಿ ಇದ್ದೇವೆ. ಪ್ರತಿ ಆಗಸ್ಟ್‌ನಲ್ಲಿ ವುಡ್‌ವರ್ಡ್ ಅವೆನ್ಯೂ ಉದ್ದಕ್ಕೂ ನಡೆಯುವ ಡ್ರೀಮ್ ಕ್ರೂಸ್ ಎಂಬ ಹಳೆಯ ಕಾರುಗಳ ಮೆರವಣಿಗೆ ನೋಡಿದವರಿಗೆ ಈ ಕಾರುಗಳ ಸೆಳೆತವನ್ನು ವಿವರಿಸಬೇಕಾಗಿಲ್ಲ. ಕನ್ನಡ ಕೂಟದ ಊಟದ ಪಂಕ್ತಿಯಲ್ಲಿ ಕುಳಿತಾಗಲೂ ಈಚೆಗೆ ಇದೇ ಮಾತು ಕೇಳಿಬರುತ್ತಿದೆ: ಮಕ್ಕಳ ಓದು ಮುಗಿಯಿತು, ಮನೆಯ ಸಾಲ ತೀರಿತು, ಇನ್ನು ಒಂದು ಹಳೆಯ ಕ್ಯಾಮಾರೊ ತೆಗೆದುಕೊಳ್ಳಬೇಕು ಎಂದು. ಬರೆಯಲೇಬೇಕೆಂದು ಕುಳಿತದ್ದು ಅದಕ್ಕಾಗಿಯೇ.

ಈ ಆಸೆ ಮತ್ತೆ ಚಿಗುರಿದ್ದಕ್ಕೆ ಕಾರಣವಿದೆ. 2002ರಲ್ಲಿ ನಿಂತುಹೋಗಿದ್ದ ಕ್ಯಾಮಾರೊವನ್ನು ಜನರಲ್ ಮೋಟರ್ಸ್ 2009ರಲ್ಲಿ ಮತ್ತೆ ರಸ್ತೆಗಿಳಿಸಿತು. 2006ರ ಡೆಟ್ರಾಯಿಟ್ ಪ್ರದರ್ಶನದಲ್ಲಿ ಅದರ ಮಾದರಿಯನ್ನು ತೋರಿಸಿದಾಗಲೇ ಎಲ್ಲರಿಗೂ ಗೊತ್ತಾಗಿತ್ತು, ಅದರ ಮುಖ, ಭುಜ, ಹಿಂಬದಿಯ ಉಬ್ಬು ಎಲ್ಲವೂ 1969ರ ಕಾರನ್ನು ನೋಡಿ ಬರೆದದ್ದೆಂದು. ಡಾಡ್ಜ್ ಕಂಪನಿ 2008ರಲ್ಲಿ ಚಾಲೆಂಜರನ್ನು ವಾಪಸು ತಂದದ್ದೂ ಹೀಗೆಯೇ. ಝಡ್/28 ಎಂಬ ಹೆಸರೇ 2014ರಲ್ಲಿ ಏಳು ಲೀಟರ್ ಎಂಜಿನ್, 505 ಅಶ್ವಶಕ್ತಿಯೊಂದಿಗೆ ಮರಳಿತು. ತೂಕ ಇಳಿಸಲೆಂದು ಆ ಕಾರಿಗೆ ಹವಾನಿಯಂತ್ರಣವನ್ನೂ ಬೇಕೆಂದವರಿಗೆ ಮಾತ್ರ ಹಾಕಿಕೊಡುತ್ತಿದ್ದರು. ಈಗ ಚಾಲೆಂಜರ್ 2023ರ ಡಿಸೆಂಬರ್‌ನಲ್ಲಿ ನಿಂತಿತು, ಕ್ಯಾಮಾರೊ 2024ರ ಮಾದರಿಯೊಂದಿಗೆ ಮುಗಿಯಿತು. ಹೊಸದು ಬರುವುದಿಲ್ಲ ಎಂದಾದಾಗ ಜನರ ಕಣ್ಣು ಮೂಲದ ಕಾರಿನ ಮೇಲೆ ಬಿತ್ತು. ಬೇಡಿಕೆ ಏರಿದ ಕಡೆ ಕಳ್ಳಮಾಲು ಬಾರದಿರುತ್ತದೆಯೇ?

ಝಡ್/28ಕ್ಕೆ ಅಷ್ಟು ಬೆಲೆ ಏಕೆ ಎಂಬುದನ್ನೂ ಹೇಳಬೇಕು. ಟ್ರಾನ್ಸ್-ಆಮ್ ಎಂಬ ಕಾರು ಪಂದ್ಯಗಳಲ್ಲಿ ಎಂಜಿನ್ ಐದು ಲೀಟರ್ ಮೀರಬಾರದೆಂಬ ನಿಯಮವಿತ್ತು. ಅದಕ್ಕಾಗಿ ಷೆವರ್ಲೆಯವರು 302 ಘನ ಇಂಚಿನ, ಎಂದರೆ ಐದು ಲೀಟರಿಗಿಂತ ತುಸು ಕಡಿಮೆಯ, ಎಂಜಿನ್ ಕಟ್ಟಿದರು. ಕಾಗದದ ಮೇಲೆ 290 ಅಶ್ವಶಕ್ತಿ ಎಂದಿದ್ದರೂ ನಿಜವಾದ ಬಲ ಅದಕ್ಕಿಂತ ಹೆಚ್ಚು ಎಂಬುದು ಆ ಕಾಲದಿಂದಲೂ ಜನಜನಿತ. ಮೊದಲ ವರ್ಷ 1967ರಲ್ಲಿ ತಯಾರಾದದ್ದು ಬರೀ 602. 1969ರಲ್ಲಿ 2,43,085 ಕ್ಯಾಮಾರೊಗಳಲ್ಲಿ ಝಡ್/28 ಇದ್ದದ್ದು 20,302. ಇಂದು ಮಾರಾಟಕ್ಕೆ ಬರುವ ಝಡ್/28ಗಳನ್ನು ನೋಡಿದರೆ ಒಂದೂ ಗುಜರಿಗೆ ಹೋಗಲಿಲ್ಲವೇ ಎಂಬ ಅನುಮಾನ ಬರಬೇಕು.

ಮೋಸಗಾರರಿಗೆ ಅನುಕೂಲವಾಗಿರುವ ಸಂಗತಿಯೊಂದಿದೆ. 1969ರ ಕ್ಯಾಮಾರೊದ ಚಾಸಿ ನಂಬರ್ ನೋಡಿ ಅದು ಝಡ್/28 ಹೌದೋ ಅಲ್ಲವೋ ಎಂದು ಹೇಳಲು ಸಾಧ್ಯವೇ ಇಲ್ಲ. 124379 ಎಂದು ಶುರುವಾದರೆ ಅದು ವಿ8 (ಎಂಟು ಸಿಲಿಂಡರಿನ) ಎಂಜಿನ್ನಿನ, ಎರಡು ಬಾಗಿಲಿನ ಕೂಪೆ, 1969ರದು ಎಂದಷ್ಟೇ ಅರ್ಥ; ಮುಂದಿನ ಅಕ್ಷರ ಎನ್ ಆದರೆ ಓಹಾಯೊದ ನಾರ್‌ವುಡ್ ಕಾರ್ಖಾನೆ, ಎಲ್ ಆದರೆ ಕ್ಯಾಲಿಫೋರ್ನಿಯಾದ ವ್ಯಾನ್ ನೈಸ್. ಅಗ್ಗದ ವಿ8 ಕಾರಿಗೂ ಝಡ್/28ಕ್ಕೂ ಅದೇ ಸಂಖ್ಯೆಗಳು. ಪಟ್ಟೆ, ಲಾಂಛನ, ಬಾನೆಟ್, ಹಿಂದಿನ ಸ್ಪಾಯ್ಲರ್ ಎಲ್ಲವೂ ಅಂಗಡಿಯಲ್ಲಿ ಹೊಸದಾಗಿ ಸಿಗುತ್ತವೆ. ಡೈನಾಕಾರ್ನ್ ಎಂಬ ಕಂಪನಿ 1969ರ ಕ್ಯಾಮಾರೊದ ಇಡೀ ಬಾಡಿಯನ್ನೇ ಹೊಸ ತಗಡಿನಲ್ಲಿ ಮಾಡಿ ಮಾರುತ್ತದೆ. ಅದು ಕಾನೂನುಬದ್ಧ ವ್ಯಾಪಾರ, ತುಕ್ಕು ಹಿಡಿದ ಕಾರುಗಳಿಗೆ ವರದಾನ. ಆದರೆ ಕಣ್ಣಿಗೆ ಕಾಣುವ ಯಾವುದೂ ಸಾಕ್ಷಿಯಲ್ಲ ಎಂಬುದನ್ನು ಇದರಿಂದ ತಿಳಿಯಬಹುದು.

ಅಣ್ಣನಿಗೆ ಕಾರು ಮಾರಿದ್ದು ದಕ್ಷಿಣದ ರಾಜ್ಯವೊಂದರ ದೊಡ್ಡ ಷೋರೂಂ. ಇಂತಹ ಷೋರೂಂಗಳು ಕಾರಿನ ಮಾಲೀಕರಲ್ಲ. ಬೇರೆಯವರ ಕಾರನ್ನು ತಂದು ನಿಲ್ಲಿಸಿಕೊಂಡು ದಲ್ಲಾಳಿತನಕ್ಕೆ ಮಾರುತ್ತಾರೆ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ‘ಮ್ಯಾಚಿಂಗ್ ನಂಬರ್ಸ್’ ಎಂದಿತ್ತು, ಎಂದರೆ ಕಾರ್ಖಾನೆಯಿಂದ ಹೊರಟಾಗ ಇದ್ದ ಎಂಜಿನ್ನೇ ಈಗಲೂ ಇದೆ ಎಂದು. ಅಣ್ಣ ಎಲ್ಲವನ್ನೂ ಕೇಳಿದ. ಎಂಜಿನ್ ಪ್ಯಾಡಿನ, ಎಂದರೆ ಎಂಜಿನ್ನಿನ ಮುಂಭಾಗದಲ್ಲಿ ಸಂಖ್ಯೆ ಕೆತ್ತುವ ಚಪ್ಪಟೆ ಜಾಗದ, ಫೋಟೊ ಕೇಳಿದ, ಕಳಿಸಿದರು: ಕಾರಿನ ಚಾಸಿ ನಂಬರಿನ ಕೊನೆಯ ಅಂಕಿಗಳು, ಪಕ್ಕದಲ್ಲಿ ಡಿಝಡ್ ಎಂಬ ಸಂಕೇತ. 1969ರ 302 ಎಂಜಿನ್ನಿನ ಸಂಕೇತ ಅದೇ. ಬಾಡಿಯ ತಗಡು ಫಲಕದ ಫೋಟೊ ಬಂತು: ಎಕ್ಸ್77, ತಯಾರಿ 06ಬಿ. ನಾರ್‌ವುಡ್‌ನಲ್ಲಿ ಆ ಕಾಲದಲ್ಲಿ ಝಡ್/28ಕ್ಕೆ ಹಾಕುತ್ತಿದ್ದ ಗುರುತು ಎಕ್ಸ್77. 06ಬಿ ಎಂದರೆ ಜೂನ್ ಎರಡನೆಯ ವಾರ. ಮೊದಲ ಮಾಲೀಕರಿಗೆ ವಾರಂಟಿ ಪುಸ್ತಕದಲ್ಲಿ ಅಂಟಿಸಿ ಕೊಡುತ್ತಿದ್ದ ‘ಪ್ರೊಟೆಕ್ಟ್-ಒ-ಪ್ಲೇಟ್’ ಎಂಬ ಚಿಕ್ಕ ಲೋಹದ ಚೀಟಿಯೂ ಇತ್ತು. ಇದು ಸಾಲದೆಂದು ಅಣ್ಣ ಹಣ ಕೊಟ್ಟು ಸ್ಥಳೀಯ ತಪಾಸಣೆಯವರನ್ನು ಕಳಿಸಿದ. ಅವರು ಬಣ್ಣದ ದಪ್ಪ ಅಳೆದರು, ಬ್ರೇಕ್ ಒತ್ತಿ ನೋಡಿದರು, ನೂರಾರು ಫೋಟೊ ತೆಗೆದು ಚೆನ್ನಾಗಿದೆ ಎಂದು ವರದಿ ಬರೆದರು. ಕಾರು ಅಸಲಿಯೋ ನಕಲಿಯೋ ಎಂದು ಹೇಳುವುದು ತಮ್ಮ ಕೆಲಸವಲ್ಲ ಎಂಬ ಸಾಲು ಆ ವರದಿಯ ಕೊನೆಯ ಪುಟದಲ್ಲಿತ್ತು. ಈ ತಪಾಸಣೆಗಳು ಬಹುಪಾಲು ಹೀಗೆಯೇ ಇರುತ್ತವೆ. ಆ ವರದಿ ಕಾರಿನ ಸ್ಥಿತಿಯ ಬಗ್ಗೆ, ಹುಟ್ಟಿನ ಬಗ್ಗೆ ಅಲ್ಲ.

ಕಾರು ಟ್ರೈಲರ್‌ನಲ್ಲಿ ಬಂತು. ಮಿಶಿಗನ್‌ನಲ್ಲಿ ನೋಂದಣಿ ಮಾಡಿಸುವಾಗ 78,000 ಡಾಲರ್ ಮೇಲೆ ಶೇ 6ರ ತೆರಿಗೆಯನ್ನೂ ಕಟ್ಟಿದ್ದಾಯಿತು.

ಬಣ್ಣ ಬಯಲಾದದ್ದು ವಿಮೆಗಾಗಿ ಮೌಲ್ಯಮಾಪನ ಮಾಡಿಸಲು ಹೋದಾಗ. ಫ್ಲಿಂಟ್‌ನ ಎಂಜಿನ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ಈ ಕೆಲಸ ಮಾಡುತ್ತಾರೆ. ಅವರು ಪಟ್ಟೆಗಳತ್ತ ನೋಡಲೂ ಇಲ್ಲ. ಬಾನೆಟ್ ಎತ್ತಿ, ಆಲ್ಟರ್ನೇಟರ್‌ನ ಹತ್ತಿರ ಅರೆಮರೆಯಾಗಿರುವ ಎಂಜಿನ್ ಪ್ಯಾಡನ್ನು ಬಟ್ಟೆಯಿಂದ ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದರು. ಕಾರ್ಖಾನೆಯಲ್ಲಿ ಬ್ಲಾಕಿನ, ಎಂದರೆ ಎಂಜಿನ್ನಿನ ಎರಕದ ಒಡಲಿನ, ಮೇಲ್ಮೈ ಹೆರೆದಾಗ ಅಲ್ಲಿ ಕೂದಲೆಳೆಯಂತಹ ಸಮಾನಾಂತರ ಗೆರೆಗಳು ಉಳಿಯುತ್ತವೆ. ನಮ್ಮದರಲ್ಲಿ ಗೆರೆಗಳಿದ್ದವು, ಆದರೆ ಅಲ್ಲಲ್ಲಿ ಒಂದನ್ನೊಂದು ದಾಟುತ್ತಿದ್ದವು. ಯಾರೋ ಉಜ್ಜುಕಾಗದದಿಂದ ಎಳೆದ ಗೆರೆಗಳು. ಅಷ್ಟರಿಂದಲೇ ಅವರು ತೀರ್ಪು ಕೊಡಲಿಲ್ಲ. ಪ್ರಾಮಾಣಿಕವಾಗಿ ಎಂಜಿನ್ ರಿಪೇರಿ ಮಾಡಿಸಿದವರ ಕಾರಿನಲ್ಲೂ ಮೂಲ ಗೆರೆಗಳು ಅಳಿಸಿಹೋಗಿರಬಹುದು ಎಂದರು.

ಆಮೇಲೆ ದಂತವೈದ್ಯರ ಬಳಿ ಇರುವಂತಹ ಉದ್ದ ಹಿಡಿಯ ಪುಟ್ಟ ಕನ್ನಡಿಯೊಂದನ್ನು ತೆಗೆದು, ಎಂಜಿನ್ನಿನ ಹಿಂತುದಿಗೆ, ಅದು ಗೇರ್‌ಬಾಕ್ಸಿಗೆ ಕೂಡುವ ಅಂಚಿನತ್ತ ಇಳಿಸಿದರು. ಎರಕದ ಸಂಖ್ಯೆ 3970010. ಅದರಲ್ಲಿ ತಕರಾರಿಲ್ಲ, ಆ ಬ್ಲಾಕನ್ನು 1969ರ ಕೊನೆಕೊನೆಯ 302 ಎಂಜಿನ್ನುಗಳಲ್ಲಿ ನಿಜವಾಗಿಯೂ ಬಳಸಿದ್ದರು. ಆದರೆ ಅದೇ ಬ್ಲಾಕನ್ನು 350 ಘನ ಇಂಚಿನ ಮಾಮೂಲಿ ಎಂಜಿನ್ನಿಗೂ ಎಪ್ಪತ್ತರ ದಶಕದ ಉದ್ದಕ್ಕೂ ಎರಕ ಹೊಯ್ದರು; ಎರಡರ ಸಿಲಿಂಡರ್ ಅಗಲವೂ ನಾಲ್ಕು ಇಂಚೇ, ಹೊರಗಿನಿಂದ ವ್ಯತ್ಯಾಸ ಕಾಣುವುದಿಲ್ಲ. ಮತ್ತೊಂದು ಬದಿಗೆ ಕನ್ನಡಿ ತಿರುಗಿಸಿ ನನ್ನನ್ನು ಕರೆದು ತೋರಿಸಿದರು. ಎಣ್ಣೆಯ ಜಿಡ್ಡಿನ ನಡುವೆ ಉಬ್ಬಕ್ಷರದಲ್ಲಿ ಎರಕದ ದಿನಾಂಕ: ಬಿ 20 4. ಬಿ ಎಂದರೆ ಫೆಬ್ರುವರಿ, ದಿನ 20, ಕೊನೆಯ ಅಂಕಿ ವರ್ಷದ್ದು. 1974. ಕಾರು ತಯಾರಾದದ್ದು 1969ರ ಜೂನ್‌ನಲ್ಲಿ. ಆ ಕಾರಿಗೆ ‘ಹುಟ್ಟಿನಿಂದ ಬಂದ’ ಎಂಜಿನ್ ಎರಕವಾದದ್ದು ಸುಮಾರು ಐದು ವರ್ಷಗಳ ನಂತರ!

ಅಣ್ಣನ ಮುಖ ನೋಡಲಾಗಲಿಲ್ಲ.

ಉಳಿದದ್ದೂ ಒಂದೊಂದಾಗಿ ಬಿಚ್ಚಿಕೊಂಡಿತು. ಝಡ್/28ಕ್ಕೆ ಹನ್ನೆರಡು ಬೋಲ್ಟಿನ ಹಿಂದಿನ ಆ್ಯಕ್ಸಲ್ ಇರಬೇಕು, ನಮ್ಮದರಲ್ಲಿ ಹತ್ತು. ತಗಡು ಫಲಕ ಈಚೆಗೆ ಅಚ್ಚು ಹಾಕಿಸಿದ್ದು. ಲೋಹದ ಚೀಟಿಯೂ ಹಾಗೆಯೇ. ಕಾರಿನ ಮೌಲ್ಯ ಕೊಟ್ಟ ಬೆಲೆಯ ಅರ್ಧದಷ್ಟು ಎಂದು ಅವರು ಬರೆದುಕೊಟ್ಟರು.

ಷೋರೂಂನವರಿಗೆ ಫೋಟೊಗಳ ಸಮೇತ ಬರೆದೆವು. ಅವರ ಉತ್ತರ ಸಭ್ಯವಾಗಿತ್ತು, ಅದಕ್ಕೇ ಮೈ ಉರಿಯಿತು. ವಿವರಗಳೆಲ್ಲ ಕಾರಿನ ಮಾಲೀಕರು ಕೊಟ್ಟದ್ದು, ತಾವು ನಡುವಿನವರಷ್ಟೇ, ಒಪ್ಪಂದದಲ್ಲಿ ‘ಅಸಲಿತನಕ್ಕೆ ನಾವು ಖಾತರಿ ಕೊಡುವುದಿಲ್ಲ’ ಎಂದಿದೆ, ಕಾರನ್ನು ಇದ್ದ ಸ್ಥಿತಿಯಲ್ಲೇ ಮಾರಲಾಗಿದೆ. ಮಾಲೀಕರ ವಿಳಾಸ ಕೊಡಲು ಒಪ್ಪಲಿಲ್ಲ. ದಾವೆ ಹೂಡುವುದಾದರೆ ಅವರ ರಾಜ್ಯದ ನ್ಯಾಯಾಲಯದಲ್ಲೇ ಹೂಡಬೇಕೆಂಬ ಷರತ್ತೂ ಅದೇ ಕಾಗದದಲ್ಲಿತ್ತು. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಒಂದು ಮಾತು, ಒಪ್ಪಂದದಲ್ಲಿ ಇರುವೆಯಕ್ಷರದಲ್ಲಿ ಅದಕ್ಕೆ ತದ್ವಿರುದ್ಧ ಮಾತು. ಇದನ್ನು ವ್ಯಾಪಾರ ಎನ್ನಲು ನನಗೆ ನಾಲಿಗೆ ಬರುವುದಿಲ್ಲ. ವಕೀಲರು ಹೇಳಿದ್ದು ಇಷ್ಟು: ವಂಚನೆ ಎಂದು ಸಾಧಿಸಬೇಕಾದರೆ ಮಾರಿದವರಿಗೆ ಗೊತ್ತಿತ್ತು ಎಂದು ತೋರಿಸಬೇಕು, ಅದಕ್ಕೆ ತಗಲುವ ಖರ್ಚು ನಷ್ಟವನ್ನೇ ನುಂಗಬಹುದು. ಅಣ್ಣ ಅಲ್ಲಿಗೆ ಕೈಬಿಟ್ಟ.

ಹಾಗಾದರೆ ಏನು ಮಾಡಬೇಕು? ಊರಿನಲ್ಲಿ ಜಮೀನು ಕೊಳ್ಳುವಾಗ ಪಹಣಿ, ಋಣಭಾರ ಪತ್ರ ನೋಡದೆ ಯಾರೂ ಹಣ ಎಣಿಸುವುದಿಲ್ಲವಲ್ಲ, ಇಲ್ಲಿಯೂ ಮೂಲ ದಾಖಲೆಯಿಂದಲೇ ಶುರುಮಾಡಿ. ಕ್ಯಾಮಾರೊದ ಕಷ್ಟವೇನೆಂದರೆ ಅಮೆರಿಕದಲ್ಲಿ ಮಾರಾಟವಾದ ಕಾರುಗಳಿಗೆ ಕಾರ್ಖಾನೆಯ ದಾಖಲೆ ಸಿಗುವುದಿಲ್ಲ. ಕೆನಡಾದಲ್ಲಿ ಮಾರಾಟವಾದವುಗಳಿಗೆ ಮಾತ್ರ ಅಲ್ಲಿನ ಜನರಲ್ ಮೋಟರ್ಸ್ ಕೊಡುತ್ತದೆ. ಆದ್ದರಿಂದ ಕೆನಡಾ ಮೂಲದ ಕಾರು ಸಿಕ್ಕರೆ ಅದರ ಕಾಗದಕ್ಕೆ ಬೆಲೆ ಹೆಚ್ಚು. ಇಲ್ಲವಾದರೆ ಲೋಹವೇ ದಾಖಲೆ. ಎಂಜಿನ್ನಿನ ಹಿಂಭಾಗದ ಎರಕದ ದಿನಾಂಕದ ಫೋಟೊ ಕೊಡಿ ಎಂದು ಕೇಳಿ. ಮುಂದಿನ ಪ್ಯಾಡಿನ ಫೋಟೊವನ್ನು ಎಲ್ಲರೂ ಕೊಡುತ್ತಾರೆ, ಹಿಂದಿನದನ್ನು ಕೊಡಲು ನೆವ ಹೇಳಿದರೆ ಅಲ್ಲಿಗೇ ಬಿಡಿ. ಬ್ಲಾಕಿನ ಎರಕ ಮೊದಲು, ಎಂಜಿನ್ ಜೋಡಣೆ ಆಮೇಲೆ, ಕಾರಿನ ಬಾಡಿಯ ದಿನಾಂಕ ಅವುಗಳ ಆಸುಪಾಸಿನಲ್ಲಿ. ಈ ಕ್ರಮ ತಪ್ಪಿದ್ದರೆ ಉಳಿದ ಯಾವ ಕಥೆಯನ್ನೂ ಕೇಳಬೇಡಿ. ಗೇರ್‌ಬಾಕ್ಸಿನ ಮೇಲೂ ಚಾಸಿ ನಂಬರಿನ ಭಾಗ ಕೆತ್ತಿರುತ್ತದೆ. ಹೀಟರ್ ಪೆಟ್ಟಿಗೆಯ ಹಿಂದೆ, ಎಂಜಿನ್ ಕೋಣೆಯ ಹಿಂಗೋಡೆಯ ಮೇಲೂ ಒಂದು ಗುಪ್ತ ಅಚ್ಚಿದೆ. ಬಾಡಿಯನ್ನೇ ಬದಲಿಸಿದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ. ಈ ಅಂಕಿಗಳ ಅರ್ಥವನ್ನೆಲ್ಲ ಕ್ಯಾಮಾರೊ ರಿಸರ್ಚ್ ಗ್ರೂಪ್ ಎಂಬ ಹವ್ಯಾಸಿಗಳ ಗುಂಪು ವರ್ಷಗಟ್ಟಲೆ ಶ್ರಮಪಟ್ಟು ಸಂಗ್ರಹಿಸಿ ಉಚಿತವಾಗಿ ಇಟ್ಟಿದೆ.

ಕ್ಯಾಮಾರೊವೇ ಬೇಕೆಂಬ ಹಟವಿಲ್ಲದವರಿಗೆ ಸುಲಭದ ದಾರಿಗಳಿವೆ. 1970ರ ಚಾಲೆಂಜರ್‌ನ ಚಾಸಿ ನಂಬರಿನ ಐದನೆಯ ಅಕ್ಷರವೇ ಎಂಜಿನ್ ಯಾವುದೆಂದು ಹೇಳುತ್ತದೆ: ಆರ್ ಇದ್ದರೆ 426 ಹೆಮಿ, ಯು ಇದ್ದರೆ 440. 1966ರಿಂದ 1971ರವರೆಗಿನ ಪಾಂಟಿಯಾಕ್ ಜಿಟಿಒ ಆದರೆ ಸಂಖ್ಯೆ 242 ಎಂದೇ ಆರಂಭವಾಗಬೇಕು, ಮೇಲಾಗಿ ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್‌ನವರು ಕಾರ್ಖಾನೆಯ ದಾಖಲೆಯ ಪ್ರತಿ ತೆಗೆದುಕೊಡುತ್ತಾರೆ. 1967ರಿಂದೀಚಿನ ಮಸ್ಟ್ಯಾಂಗ್‌ಗೆ ಮಾರ್ಟಿ ವರದಿ ಇದೆ, ಫೋರ್ಡ್ ಕಂಪನಿಯ ಮೂಲ ಮಾಹಿತಿಯಿಂದಲೇ ತಯಾರಾಗುವಂಥದು.

ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಜಾಹೀರಾತಿನ ಮಾತುಗಳನ್ನೇ, ‘ಮೂಲ ಎಂಜಿನ್, ಮೂಲ ಝಡ್/28, ಸುಳ್ಳಾದರೆ ಹಣ ವಾಪಸು’ ಎಂದು ಮಾರುವವರ ಕೈಯಲ್ಲಿ ಬರೆಸಿಕೊಳ್ಳಿ. ನಿಜವಾದ ಕಾರಿನ ಮಾಲೀಕ ಇದಕ್ಕೆ ಹಿಂಜರಿಯುವುದಿಲ್ಲ. ಕಾರಿನ ಆ ಮಾದರಿಯನ್ನೇ ಬಲ್ಲವರಿಂದ ಪರೀಕ್ಷೆಯಾಗುವವರೆಗೆ ಹಣ ಮೂರನೆಯವರ ಎಸ್ಕ್ರೊ ಖಾತೆಯಲ್ಲಿರಲಿ, ನೇರ ಬ್ಯಾಂಕ್ ವರ್ಗಾವಣೆ ಬೇಡ.

ಒಂದು ಮಾತು ಸ್ಪಷ್ಟಪಡಿಸಬೇಕು. ಕ್ಲೋನ್ (ನಕಲು ಮಾದರಿ) ಎಂದು ಹೇಳಿ, ಕ್ಲೋನಿನ ಬೆಲೆಗೆ ಮಾರಿದರೆ ಅದರಲ್ಲಿ ತಪ್ಪೇನೂ ಇಲ್ಲ. ಅಣ್ಣನ ಕಾರು ಓಡಿಸಲು ಇಂದಿಗೂ ಸೊಗಸು. ಅದನ್ನು ಅವನು ಉಳಿಸಿಕೊಂಡಿದ್ದಾನೆ, ವಿಮೆಯ ಪತ್ರದಲ್ಲಿ ಕ್ಲೋನ್ ಎಂದೇ ಬರೆಸಿದ್ದಾನೆ. ಮುಂದೆ ಮಾರಿದರೂ ಹಾಗೆಂದೇ ಮಾರುತ್ತಾನೆ.

ಮಿಶಿಗನ್, ಓಹಾಯೊ ಕಡೆ ನೀವು 1969ರ ಕ್ಯಾಮಾರೊ ನೋಡಲು ಹೋಗುವವರಿದ್ದರೆ ನನಗೆ ಒಂದು ಸಂದೇಶ ಕಳಿಸಿ. ಟಾರ್ಚು, ಉದ್ದ ಹಿಡಿಯ ಕನ್ನಡಿ ಎರಡೂ ನನ್ನ ಬಳಿ ಇವೆ. ಶನಿವಾರವಾದರೆ ಖಂಡಿತ ಜೊತೆಗೆ ಬರುತ್ತೇನೆ.