ಹುಲಿ ಪಟ್ಟೆಯ ಸ್ಪ್ಲಿಂಟ್: ಮಗಳ ಕಾಲಿಗೆ ಎಎಫ್‌ಒ ಮಾಡಿಸಿದ ಅಂಗಡಿ ಬಗ್ಗೆ

ಮಂಗಳೂರಲ್ಲಿ ಮಕ್ಕಳ ಕಾಲಿನ ಸ್ಪ್ಲಿಂಟ್ (ಪಾದವನ್ನೂ ಅದರ ಗಂಟನ್ನೂ ಹಿಡಿದಿಡುವ ಆಸರೆ, ಎಎಫ್‌ಒ ಅಂತಾರೆ) ಎಲ್ಲಿ ಮಾಡ್ಸುದು ಅಂತ ಹುಡುಕುವವರಿಗೆ ಬರೀತಿದ್ದೇನೆ, ನಾನು ಹುಡುಕುವಾಗ ಒಂದು ಸಾಲೂ ಸಿಗ್ಲಿಲ್ಲ. ಅಂಗಡಿ ಹೆಸರು ಹಾಕುದಿಲ್ಲ, ಹೊಗಳುದರ ಜೊತೆ ಬೈಲಿಕ್ಕೂ ಉಂಟು, ಒಬ್ಬರೇ ನಡೆಸುವ ಸಣ್ಣ ಜಾಗ ಅದು. ನಿಮ್ಮ ಫಿಸಿಯೋದವರ ಹತ್ರ ಕೇಳಿ, ಹೇಳ್ತಾರೆ.

ಬೈಯುದು ಮೊದಲೇ ಮುಗಿಸ್ತೇನೆ. ಕಾಲು ಸರಿ ಇಲ್ಲದವರಿಗಾಗಿಯೇ ಇರುವ ಅಂಗಡಿ ಮಾಳಿಗೆಯಲ್ಲಿ, ಲಿಫ್ಟ್ ಇಲ್ಲ ಮಾರಾಯ್ರೆ! 22 ಮೆಟ್ಟಿಲು. 7 ವರ್ಷದ ಹುಡುಗಿಯನ್ನು ಸೊಂಟದಲ್ಲಿ ಕೂರಿಸಿಕೊಂಡು ಹತ್ತಿದವಳಿಗೆ ಲೆಕ್ಕ ತಪ್ಪುದಿಲ್ಲ. ಮತ್ತೆ ಒಂದು ವಾರ ಅಂತ ಹೇಳಿ 19 ದಿನ ಮಾಡಿದ್ರು, ಫೋನ್ ಮಾಡಿದ್ರೆ ನಾಳೆ ಅಕ್ಕಾ, ನಾಳೆ ಅಕ್ಕಾ.

ಇನ್ನು ಮಗಳ ಕಥೆ ಸ್ವಲ್ಪ ಹೇಳ್ಬೇಕಾಗ್ತದೆ, ಇಲ್ಲದಿದ್ರೆ ನಾನು ಯಾಕೆ ಈ ಅಂಗಡಿಯವರನ್ನು ಇಷ್ಟು ಹೊಗಳುದು ಅಂತ ಗೊತ್ತಾಗುದಿಲ್ಲ. 5 ವರ್ಷ ಆಗಿದ್ದಾಗ ಜೋರು ಅತ್ತಾಗೆಲ್ಲ ಇವಳ ಬಲಗೈ ಸೋಲ್ತಿತ್ತು, ಹತ್ತು ನಿಮಿಷಕ್ಕೆ ಸರಿ ಆಗ್ತಿತ್ತು, ನಾವು ಹಠ ಅಂತ ತಿಳ್ಕೊಂಡದ್ದು, ಅತ್ತೆ ಅಂತೂ ದೃಷ್ಟಿ ತೆಗೆದದ್ದೇ ತೆಗೆದದ್ದು. ಒಂದು ದಿನ ಬೆಳಿಗ್ಗೆ ಎದ್ದವಳಿಗೆ ಬಲಗೈ ಬಲಗಾಲು ಎರಡೂ ಬರ್ಲಿಲ್ಲ. ಎಂಆರ್‌ಐ, ಆಮೇಲೆ ಆಂಜಿಯೋಗ್ರಾಮ್, ಮೊಯಾಮೊಯಾ ಅಂದ್ರು. ಮಿದುಳಿಗೆ ರಕ್ತ ಕೊಂಡೋಗುವ ದೊಡ್ಡ ನಾಳಗಳು ತಲೆಯೊಳಗೆ ಹೋದ ಕೂಡಲೇ ಸಪೂರ ಆಗ್ತಾ ಬರ್ತವೆ, ಅದಕ್ಕೆ ಬದಲಿಯಾಗಿ ನೂಲಿನ ಹಾಗೆ ಸಣ್ಣ ಸಣ್ಣ ನಾಳಗಳು ಹುಟ್ಟಿಕೊಳ್ತವೆ, ಆಂಜಿಯೋಗ್ರಾಮಲ್ಲಿ ಅದು ಬಿಟ್ಟ ಹೊಗೆಯ ಹಾಗೆ ಕಾಣ್ತದೆ. ಜಪಾನಿನ ಡಾಕ್ಟರುಗಳು 1969ರಲ್ಲಿ ಅದಕ್ಕೇ ಈ ಹೆಸರು ಇಟ್ಟದ್ದಂತೆ. ಮಕ್ಕಳಿಗೂ ಸ್ಟ್ರೋಕ್ ಆಗ್ತದಾ ಅಂತ ಈಗಲೂ ಕೇಳ್ತಾರೆ ಜನ. ಆಗ್ತದೆ.

ಈ ಕಾಯಿಲೆಯಲ್ಲಿ ಅಳು ಅಂದ್ರೆ ಬರೀ ಅಳು ಅಲ್ಲ. ಬಿಕ್ಕಿ ಬಿಕ್ಕಿ ಅತ್ತಾಗ ಉಸಿರು ಜೋರಾಗ್ತದೆ, ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆ ಆಗ್ತದೆ, ಆಗ ಮಿದುಳಿನ ನಾಳಗಳು ಬಿಗೀತವೆ, ಮೊದಲೇ ಸಪೂರ ಇದ್ದದ್ದು ಇನ್ನೂ ಸಪೂರ. ಹಾಗಾಗಿ ಬಲೂನು ಊದುದು ಬೇಡ, ಕೊಳಲು ಬೇಡ, ಬಿಸಿ ಗಂಜಿಯನ್ನು ಉಫ್ ಉಫ್ ಮಾಡುದೂ ಬೇಡ, ನಮ್ಮ ಮನೆಯಲ್ಲಿ ಗಂಜಿ ಈಗ ಫ್ಯಾನಿನ ಅಡಿಯಲ್ಲೇ ಆರುದು.

ಇದಕ್ಕೆ ಆಪರೇಷನ್ ಆಗುವ ಮೊದಲು ಬೇರೆ ಒಂದು ಕಡೆ ಸ್ಪ್ಲಿಂಟಿನ ಅಳತೆಗೆ ಹೋಗಿದ್ದೆವು. ಇವಳು ಅಳ್ಬಾರದು ಅಂದೆ. ಮಕ್ಕಳು ಅಂದ್ಮೇಲೆ ಅಳ್ತಾವೆ ಮೇಡಂ ಅಂತ ನಕ್ಕು ಇಬ್ಬರು ಸೇರಿ ಕಾಲು ಒತ್ತಿ ಹಿಡಿದ್ರು. ಅಲ್ಲೇ ಕುರ್ಚಿಯಲ್ಲೇ ಕೈ ಜೋತುಬಿತ್ತು, ಮಾತು ತೊದಲಿತು. ಅವತ್ತು ಎದ್ದು ಬಂದದ್ದು.

ಆಪರೇಷನ್ ಆಯ್ತು, ತಲೆಚರ್ಮದ ಒಂದು ರಕ್ತನಾಳವನ್ನು ಮಿದುಳಿನ ಮೇಲೆ ಕೂರಿಸಿದ್ದಾರೆ, ಅದರಿಂದ ಹೊಸ ನಾಳ ಚಿಗುರ್ಲಿಕ್ಕೆ ತಿಂಗಳುಗಟ್ಟಲೆ ಬೇಕು. ಆಸ್ಪಿರಿನ್ ನಡೀತಾ ಉಂಟು. ಕೈ ಪರವಾಗಿಲ್ಲ, ಆದ್ರೆ ನಡೆಯುವಾಗ ಬಲಪಾದ ಎಳೀತದೆ, ಅದಕ್ಕೇ ಈ ಎಎಫ್‌ಒ.

ಈ ಅಂಗಡಿಯಲ್ಲೂ ಹೋದ ಕೂಡಲೇ ಆದದ್ದೆಂತ ಗೊತ್ತುಂಟಾ, ಅವರು ಪ್ರೀತಿಯಿಂದ ಒಂದು ಬಲೂನು ಕೊಟ್ಟು ಊದು ಪುಟ್ಟಿ ಅಂದ್ರು! ನಾನು ಹಾರಿ ಕಿತ್ಕೊಂಡೆ. ಅವರು ಬೇಜಾರು ಮಾಡ್ಲಿಲ್ಲ, ಕುರ್ಚಿ ಎಳ್ಕೊಂಡು ಕೂತು ಪೂರಾ ಕೇಳಿದ್ರು, ಕೇಳಿ ಮುಗಿದ ಮೇಲೆ ಇವತ್ತು ಪ್ಲಾಸ್ಟರ್ ಸುತ್ತಿ ಕಾಲಿನ ಅಚ್ಚು ತೆಗೆಯುದು ಬೇಡ, ಸುಮ್ಮನೆ ಆಡಿ ಹೋಗ್ಲಿ ಅಂದ್ರು. ಅವತ್ತು ಗೊಂಬೆಯ ಕಾಲಿಗೆ ಇವಳ ಕೈಯಲ್ಲೇ ಪ್ಲಾಸ್ಟರ್ ಸುತ್ತಿಸಿದ್ದು. ಎರಡನೇ ಸಲ ಇವಳ ಕಾಲಿಗೆ. ಈಗ ಸ್ವಲ್ಪ ಬೆಚ್ಚಗಾಗ್ತದೆ ಅಂತ ಆಗುವ ಮೊದಲೇ ಹೇಳ್ತಿದ್ರು, ಕೊನೆಗೆ ಪ್ಲಾಸ್ಟರ್ ಕತ್ತರಿಸುವ ಮೊದಲು ಒಳಗೆ ಕಾಲಿನುದ್ದಕ್ಕೆ ಇಟ್ಟಿದ್ದ ಪಟ್ಟಿಯನ್ನು ತೋರಿಸಿ, ಕತ್ತಿ ಇದರ ಮೇಲೆ ಮಾತ್ರ ಹೋಗುದು ಅಂತ ಹೇಳಿದ್ರು. ಒಂದು ಹನಿ ಕಣ್ಣೀರು ಬರ್ಲಿಲ್ಲ. ನನಗೇ ಬಂತು, ಅದು ಬೇರೆ ವಿಷಯ.

ಡಿಸೈನಿಗೆ ಚಿಟ್ಟೆ ಉಂಟು, ಹೂ ಉಂಟು ಅಂದ್ರು, ಇವಳಿಗೆ ಪಿಲಿವೇಷದ, ಅಂದ್ರೆ ಹುಲಿವೇಷದ, ಪಟ್ಟೆಯೇ ಬೇಕಂತೆ. ಹಳದಿ ಶೀಟಲ್ಲಿ ಮಾಡಿ ಮೇಲೆ ಕಪ್ಪು ಸ್ಟಿಕರ್ ಕತ್ತರಿಸಿ ಅಂಟಿಸಿ ಕೊಟ್ಟಿದ್ದಾರೆ. ಆ 19 ದಿನದಲ್ಲಿ ಎಷ್ಟು ದಿನ ಇದಕ್ಕೇ ಹೋಯ್ತೋ ಗೊತ್ತಿಲ್ಲ.

ವಸ್ತುವಿನ ಬಗ್ಗೆ ಹೇಳುದಾದ್ರೆ, ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್, ಹಗುರ ಉಂಟು, ಹೆಬ್ಬೆರಳು ನೆಲಕ್ಕೆ ತಾಗಿ ಎಡವುದು ನಿಂತಿದೆ. ನಮ್ಮ ಊರಿನ ಸೆಕೆಗೆ ಮಾತ್ರ ಒಳಗೆ ಬೆವರು ಕಿತ್ತು ಬರ್ತದೆ, ಮೊಣಕಾಲಿನವರೆಗೆ ಬರುವ ಹತ್ತಿಯ ಸಾಕ್ಸ್ ನಾಲ್ಕೈದು ಜೊತೆ ಬೇಕು, ಶಾಲೆಗೆ ಒಂದು ಎಕ್ಸ್ಟ್ರಾ ಕಳಿಸ್ತೇನೆ. ಶೂ ಒಂದು ಸೈಜ್ ದೊಡ್ಡದು, ವೆಲ್ಕ್ರೋದ್ದೇ ತಗೊಳ್ಳಿ, ಒಳಗಿನ ಸೋಲ್ ತೆಗೀರಿ. ಶುರುವಿಗೆ ದಿನಕ್ಕೆ ಒಂದು ಗಂಟೆ ಹಾಕಿ, ತೆಗೆದ ಮೇಲೆ ಕೆಂಪು ಗುರುತು ಅರ್ಧ ಗಂಟೆಯಲ್ಲಿ ಹೋಗದಿದ್ರೆ ಅಂಗಡಿಗೆ ಕೊಂಡೋಗಿ. ನಮಗೆ ಕಾಲಿನ ಮಣಿಗಂಟಿನ ಹತ್ರ ಹಾಗೆ ಆಗಿತ್ತು, ಬಿಸಿ ಮಾಡಿ ಸ್ವಲ್ಪ ಉಬ್ಬಿಸಿ ಕೊಟ್ರು, ದುಡ್ಡು ತಗೊಳ್ಳಿಲ್ಲ.

ಒಟ್ಟು 7,500 ಆಯ್ತು, ಕಾಲು ಬೆಳೆದ ಹಾಗೆ ಮತ್ತೆ ಹೊಸದು ಮಾಡ್ಸಬೇಕು, ಅದು ಖರ್ಚೇ.

5ರಲ್ಲಿ 4 ಕೊಡ್ತೇನೆ, ಒಂದು ಆ ಮೆಟ್ಟಿಲಿಗೆ ಕಟ್. ಹೋಗುವ ಮೊದಲು ಫೋನ್ ಮಾಡಿ, ಮಧ್ಯಾಹ್ನ 1ರಿಂದ 3 ಊಟಕ್ಕೆ ಹೋಗಿರ್ತಾರೆ, ನಾವು ಒಮ್ಮೆ ಹತ್ತಿ ಹೋಗಿ ಬಾಗಿಲು ನೋಡಿ ಇಳಿದು ಬಂದಿದ್ದೇವೆ.