ಒಂದೇ ಅಂಗದ ಸರ್ಕಾರಿ ಸಂಸ್ಥೆಯೋ, ಎಲ್ಲ ವಿಭಾಗವಿರುವ ಖಾಸಗಿ ಆಸ್ಪತ್ರೆಯೋ: ಬೆಂಗಳೂರಿನಲ್ಲಿ ಯಾವುದಕ್ಕೆ ಎಲ್ಲಿ

ಬೆಂಗಳೂರಿನಲ್ಲಿ ಹೃದಯಕ್ಕೆ ಜಯದೇವ, ಮಿದುಳು ಮತ್ತು ನರಕ್ಕೆ ನಿಮ್ಹಾನ್ಸ್, ಕ್ಯಾನ್ಸರಿಗೆ ಕಿದ್ವಾಯಿ, ಮೂತ್ರಪಿಂಡಕ್ಕೆ ವಿಕ್ಟೋರಿಯಾ ಆವರಣದ ನೆಫ್ರೋ ಯುರಾಲಜಿ ಸಂಸ್ಥೆ. ಖಾಸಗಿ ದೊಡ್ಡಾಸ್ಪತ್ರೆಗಳಲ್ಲಿ ಇವೆಲ್ಲ ಒಂದೇ ಸೂರಿನಡಿ. ಎರಡೂ ಕಡೆ ರೋಗಿಯನ್ನು ಕರೆದುಕೊಂಡು ಓಡಾಡಿದವರು ಮೊದಲು ನೋಡುವುದು ಒಂದನ್ನೇ: ತೊಂದರೆ ಒಂದೇ ಅಂಗದ್ದೋ, ಎರಡು ಮೂರು ಕಡೆಯದೋ.

ಬರಿಯ ಹೃದಯಾಘಾತವಾದರೆ ಜಯದೇವದಂಥ ಕಡೆಯ ಅನುಭವಕ್ಕೆ ಸಾಟಿಯಿಲ್ಲ. ಆದರೆ ಆಸ್ಪತ್ರೆ ಬಾಗಿಲು ದಾಟಿದ 10 ನಿಮಿಷದೊಳಗೆ ಇಸಿಜಿ, 90 ನಿಮಿಷದೊಳಗೆ ಬಲೂನು (ಮುಚ್ಚಿದ ರಕ್ತನಾಳವನ್ನು ತೆರೆಯುವ ಆಂಜಿಯೋಪ್ಲಾಸ್ಟಿ) ಆಗಬೇಕೆಂಬುದು ಗುರಿ. ಆ ಬಾಗಿಲಿಗೆ ಬರುವ ಮುನ್ನ ಕಳೆದ ಹೊತ್ತು ಈ ಲೆಕ್ಕಕ್ಕೇ ಸೇರುವುದಿಲ್ಲ. ಸಂಜೆ ಆರಕ್ಕೆ ಯಲಹಂಕದಿಂದ ಬನ್ನೇರುಘಟ್ಟ ರಸ್ತೆಗೆ ಹೊರಡುವುದಕ್ಕಿಂತ ಹತ್ತಿರದಲ್ಲಿ ಕ್ಯಾಥ್‌ಲ್ಯಾಬ್ (ಆಂಜಿಯೋಪ್ಲಾಸ್ಟಿ ಮಾಡುವ ಕೋಣೆ) ಇರುವ ಆಸ್ಪತ್ರೆಯೇ ಸರಿ, ಅದು ಯಾವುದಾದರೂ ಆಗಲಿ.

ಹಳೆಯ ಸಕ್ಕರೆ ಕಾಯಿಲೆ, ಕ್ರಿಯಾಟಿನಿನ್ 2.5 (ಮೂತ್ರಪಿಂಡ ಸೋತಿರುವುದನ್ನು ತೋರಿಸುವ ರಕ್ತಪರೀಕ್ಷೆಯ ಅಂಕಿ), ಜೊತೆಗೆ ಎದೆನೋವು ಇದ್ದರೆ ಲೆಕ್ಕ ಬದಲಾಗುತ್ತದೆ. ಆಂಜಿಯೋಗ್ರಾಂಗೆ ಹಾಕುವ ಕಾಂಟ್ರಾಸ್ಟ್ ದ್ರವ ಮೂತ್ರಪಿಂಡವನ್ನು ಇನ್ನಷ್ಟು ಕೆಡಿಸಬಹುದು, ಡಯಾಲಿಸಿಸ್ ಬೇಕಾಗಬಹುದು. ಇಲ್ಲಿ ಎಲ್ಲ ವಿಭಾಗಗಳಿರುವ ಆಸ್ಪತ್ರೆಯೇ ಮೇಲು. ಅಪಘಾತಕ್ಕೂ ಇದೇ ಮಾತು. ತಲೆಗಷ್ಟೇ ಪೆಟ್ಟಾದರೆ ನಿಮ್ಹಾನ್ಸ್. ತಲೆಯ ಜೊತೆ ಹೊಟ್ಟೆಯೊಳಗೆ ರಕ್ತಸ್ರಾವ, ತೊಡೆಮೂಳೆ ಮುರಿತ ಇದ್ದರೆ ವಿಕ್ಟೋರಿಯಾದ ಟ್ರಾಮಾ ಕೇಂದ್ರ ಅಥವಾ ಅಂಥದೇ ಖಾಸಗಿ ಆಸ್ಪತ್ರೆ. ಹೊಟ್ಟೆಯ ರಕ್ತ ನಿಲ್ಲದಿದ್ದರೆ ತಲೆಯ ಚಿಕಿತ್ಸೆಯಿಂದ ಪ್ರಯೋಜನವಿಲ್ಲ.

ಕ್ಯಾನ್ಸರಿನಲ್ಲಿ ಹೆಚ್ಚಿನವರು ಎಡವುವುದು ಕಾಗದದಲ್ಲಿ. ಬಯಾಪ್ಸಿ ವರದಿಯೊಂದೇ ಹಿಡಿದು ಕಿದ್ವಾಯಿಗೆ ಹೋದರೆ ಸಾಲದು. ಹಿಂದಿನ ಲ್ಯಾಬಿನಿಂದ ಗಾಜಿನ ಸ್ಲೈಡು ಮತ್ತು ಬಯಾಪ್ಸಿಯ ತುಣುಕನ್ನು ಇಟ್ಟಿರುವ ಮೇಣದ ಬ್ಲಾಕ್ ಎರಡನ್ನೂ ಕೇಳಿ ಪಡೆಯಿರಿ. ಬ್ಲಾಕ್ ಇಲ್ಲದಿದ್ದರೆ ಮುಂದಿನ ವಿಶೇಷ ಪರೀಕ್ಷೆಗಳಿಗಾಗಿ ಮತ್ತೆ ಸೂಜಿ ಚುಚ್ಚಿಸಿಕೊಳ್ಳುವ ಕಷ್ಟ ಬರಬಹುದು. ಸ್ಕ್ಯಾನಿನ ವರದಿ ಮಾತ್ರವಲ್ಲ, ಸಿಡಿಯೂ ಇರಲಿ. ರೇಡಿಯೇಷನ್ ಅನೇಕ ಸಲ ವಾರಕ್ಕೆ 5 ದಿನದಂತೆ 5ರಿಂದ 7 ವಾರ ನಡೆಯುತ್ತದೆ. ಊರಿಂದ ಬರುವವರು ತಂಗುವ ಜಾಗವನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಖರ್ಚಿನ ವಿಷಯ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸೌಲಭ್ಯ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತುಮಾಡಿದ ದರ) ಶೇ. 30, ಮಿತಿ 1.5 ಲಕ್ಷ. ತುರ್ತಲ್ಲದ ದೊಡ್ಡ ಚಿಕಿತ್ಸೆಯನ್ನು ಖಾಸಗಿಯಲ್ಲಿ ಮಾಡಿಸಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ದಾಖಲಾದ ಮೇಲೆ ಪತ್ರ ತರುತ್ತೇವೆ ಎಂದುಕೊಳ್ಳಬೇಡಿ.

ಖಾಸಗಿ ವಿಮೆಯಲ್ಲಿ ಪೆಟ್ಟು ಕೊಡುವುದು ಕೋಣೆ ಬಾಡಿಗೆ. 5 ಲಕ್ಷದ ಪಾಲಿಸಿಯಲ್ಲಿ ದಿನದ ಬಾಡಿಗೆಗೆ ಶೇ. 1 ಮಿತಿ ಇದ್ದರೆ ಅದು 5,000 ರೂಪಾಯಿ. 8,000ದ ಕೋಣೆ ಹಿಡಿದರೆ ಕೈಯಿಂದ ಹೋಗುವುದು ಬರಿ 3,000 ಅಲ್ಲ. ವೈದ್ಯರ ಶುಲ್ಕ, ಆಪರೇಷನ್ ಥಿಯೇಟರ್ ಬಾಬ್ತಿಗೆ ವಿಮೆ ಕೊಡುವ ಹಣವೂ ಅದೇ ಪ್ರಮಾಣದಲ್ಲಿ, ಅಂದರೆ ಎಂಟರಲ್ಲಿ ಐದು ಪಾಲಿಗೆ ಇಳಿಯಬಹುದು.

ಬಿಡುಗಡೆಯ ದಿನ ಅಂತಿಮ ಬಿಲ್ಲಿಗೆ ವಿಮಾ ಕಂಪನಿ 3 ಗಂಟೆಯೊಳಗೆ ಒಪ್ಪಿಗೆ ಕೊಡಬೇಕೆಂಬ ನಿಯಮ 2024ರಿಂದ ಇದೆ. ಆ ಗಡಿಯಾರ ಶುರುವಾಗುವುದು ಆಸ್ಪತ್ರೆ ಬಿಲ್ಲು ಕಳಿಸಿದ ಮೇಲೆ. ಹಾಗಾಗಿ ಹಿಂದಿನ ಸಂಜೆಯೇ ಡಿಸ್ಚಾರ್ಜ್ ಸಮ್ಮರಿ ಸಿದ್ಧಮಾಡಿಸಿ, ಸ್ಟೆಂಟ್ ಹಾಕಿದ್ದರೆ ಅದರ ಪ್ಯಾಕೆಟ್ಟಿನ ಸ್ಟಿಕರ್ ಕಡತದಲ್ಲಿ ಅಂಟಿಸಿದ್ದಾರೆಯೇ ನೋಡಿಕೊಳ್ಳಿ.